ಈರುಳ್ಳಿಯ ಪೊರೆ

ಮೂವತ್ತೊಂಬತ್ತು ರೆಕಾರ್ಡ್ ಪುಸ್ತಕಗಳಿಗೆ ಸಹಿ ಬಿತ್ತು. ಎಲ್ಲದರಲ್ಲೂ ಈರುಳ್ಳಿ ಪೊರೆಯ ಒಂದೇ ಚಿತ್ರ: ಇಟ್ಟಿಗೆ ಜೋಡಿಸಿದಂಥ ಜೀವಕೋಶಗಳು. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಳಿಸಿಕೊಂಡದ್ದು. ನಲವತ್ತನೆಯ ಪುಸ್ತಕವನ್ನು ಮೇಷ್ಟ್ರು ಮೇಜಿನ ಮೇಲೆ ಎಸೆದರು.

"ಏನಮ್ಮಾ ಇದು? ಸೊಟ್ಟಸೊಟ್ಟ ಗೆರೆ, ನಡುವೆ ಇಷ್ಟು ದೊಡ್ಡ ಗುಳ್ಳೆ!"

"ಗಾಳಿ ಸೇರ್ಕೊಂಡಿದೆ ಸಾರ್. ಒಂದು ಗಂಟೆ ಕೂತು ನೋಡಿ, ಕಂಡಿದ್ದನ್ನೇ ಬರೆದಿದೀನಿ."

"ಇಷ್ಟು ಜನಕ್ಕೆ ಕಾಣದ್ದು ನಿನಗೊಬ್ಬಳಿಗೆ ಕಾಣ್ತಾ? ಎಲ್ಲರ ಹಾಗೆ ಬರ್ಕೊಂಡು ಬಾ. ಸಹಿ ಇಲ್ದಿದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ, ಗೊತ್ತಲ್ಲ?"

"ಕೂರ್ತೀನೋ ಬಿಡ್ತೀನೋ, ಕಾಣದ್ದನ್ನ ಮಾತ್ರ ಬರೆಯಲ್ಲ ಸಾರ್. ನೀವೇ ಒಂದ್ಸಲ ನೋಡಿ."

ಹುಡುಗಿ ಹೋಗಿ ಸೂಕ್ಷ್ಮದರ್ಶಕವನ್ನು ಸರಿಪಡಿಸಿ, ಮುಷ್ಟಿ ಬಿಗಿದು ಪಕ್ಕದಲ್ಲಿ ನಿಂತಳು.

ಮೇಷ್ಟ್ರು ಒಂದು ಕಣ್ಣು ಮುಚ್ಚಿ ಬಗ್ಗಿದರು.

"ನೋಡು, ಇಟ್ಟಿಗೆ ಜೋಡಿಸಿದ ಹಾಗೆ ಎಷ್ಟು ನೀಟಾಗಿ ಕಾಣ್ತಿದೆ! ಎಲ್ಲಿದೆ ನಿನ್ನ ಗುಳ್ಳೆ? ತೋರಿಸು!"

ಅವಳು ಮುಷ್ಟಿ ಬಿಚ್ಚಿದಳು. ಈರುಳ್ಳಿ ಪೊರೆಯ ಸ್ಲೈಡು, ಗುಳ್ಳೆಯ ಸಮೇತ, ಅವಳ ಅಂಗೈಯಲ್ಲಿತ್ತು.