ಅಂಗಿಯ ಪಾಳಿ

ತೊಟ್ಟರೆ ಹಾರಬಹುದಾದ ಕೆಂಪು ಅಂಗಿ ಓಣಿಗೊಂದರಂತೆ ಇತ್ತು. ವಾರಕ್ಕೊಂದು ಮನೆಯ ಪಾಳಿ. ಅಂಗಿಯ ಜೊತೆ ತೊಡುವ ಮುಖವಾಡದೊಳಗಿನವರ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಅಂಗಿಯ ಬಲ ಆ ಕ್ಷಣವೇ ಇಳಿದುಹೋಗುತ್ತಿತ್ತು. ಅದಕ್ಕೇ ಎಲ್ಲರೂ ‘ಅಂಗಿಯವರೇ’ ಎಂದಷ್ಟೇ ಕರೆಯುತ್ತಿದ್ದರು.

ಕಲ್ಲವ್ವನ ಮಗಳಿಗೆ ಚೇಳು ಕಡಿದಾಗ ಆಸ್ಪತ್ರೆಯ ದಾರಿಯ ರೈಲ್ವೆ ಗೇಟು ಹಾಕಿತ್ತು. ಕಲ್ಲವ್ವ ಚೀರಿದ್ದೇ ತಡ, ಅಂಗಿಯವನು ಹುಡುಗಿಯನ್ನು ಎದೆಗವಚಿಕೊಂಡು, ತಾಯಿಯನ್ನು ಬೆನ್ನಿಗೆ ಹತ್ತಿಸಿಕೊಂಡು, ನಿಂತಿದ್ದ ಗೂಡ್ಸ್ ಗಾಡಿಯ ಮೇಲಿಂದ ಹಾರಿ ಆಸ್ಪತ್ರೆ ಮುಟ್ಟಿಸಿದ.

ಇಂಜೆಕ್ಷನ್ ಕೊಟ್ಟ ಡಾಕ್ಟರು ಇನ್ನು ಭಯವಿಲ್ಲ ಎಂದ ಮೇಲೆ ಕಲ್ಲವ್ವ ಹೊರಗೆ ಬಂದಳು. ಅಂಗಿಯವನು ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

“ಕೂಸು ಹೆಂಗೈತವ್ವಾ?”

ದನಿ ಕೇಳಿ ಅವಳು ದಂಗಾದಳು. ನಿನ್ನೆ ನಳದ ಮುಂದೆ ನೀರಿನ ಪಾಳಿಗಾಗಿ ಬಾಯಿಗೆ ಬಂದಂತೆ ಬೈದದ್ದು ಇವನಿಗೇ, ಪಂಕ್ಚರ್ ಅಂಗಡಿಯ ಮೌಲಾಸಾಬನಿಗೆ! ಹೆಸರು ತುಟಿಯ ತನಕ ಬಂತು. ಮಗಳನ್ನು ಕರೆದುಕೊಂಡು ಇನ್ನೂ ಹಾರಿ ಮನೆ ಸೇರಬೇಕಲ್ಲ ಎಂದು ನುಂಗಿಕೊಂಡಳು.

“ಆರಾಮದಾಳ್ರೀ. ನಮ್ಮ ಓಣ್ಯಾಗ ಒಬ್ಬರಿಗೆ ನಿನ್ನೆ ಭಾಳ ಬೈದೇನ್ರೀ. ಸಿಕ್ಕರ ಹೇಳ್ರಿ, ಕಲ್ಲವ್ವ ಕೈ ಮುಗದಾಳ ಅಂತ. ನಾಳಿಂದ ನಳದಾಗ ಅವರ ಕೊಡಾನ ಮೊದಲ.”

ಮುಖವಾಡದೊಳಗೆ ನಗು ಕೇಳಿಸಿತು. “ಹೇಳ್ತೀನವ್ವಾ. ಎರಡು ಕೊಡ ಅಂತ ಹೇಳ್ಲೇನು?”

“ನಾಕು ಅನ್ರೀ,” ಎಂದು ಕಲ್ಲವ್ವ ಮಗಳನ್ನು ಕರೆತರಲು ಒಳಗೆ ಹೋದಳು.