ಮೀಟರಿನ ವೈರು

ನೀಲವ್ವ ಹಳೆಯ ಪಿಕಪ್ಪಿನಲ್ಲಿ ಸಂತೆಗೆ ತರಕಾರಿ ಒಯ್ಯುತ್ತಿದ್ದಳು. ಗಂಡ ಚನ್ನಪ್ಪ ಗಾಡಿ ಎಷ್ಟು ಕಿಲೋಮೀಟರ್ ಓಡಿದೆಯೆಂದು ದಿನಾ ಸಂಜೆ ಮೀಟರ್ ನೋಡುತ್ತಿದ್ದ. ನೀಲವ್ವ ತನ್ನ ತಂಗಿಯ ಮನೆಗೆ ಹೋಗಬಾರದೆಂದು ಅವನು ಹೇಳಿದ್ದ. ಅಲ್ಲಿಗೆ ಗುಟ್ಟಾಗಿ ಹೋಗಿಬರಲೆಂದು ಅವಳೇ ಮೀಟರಿನ ವೈರು ಕತ್ತರಿಸಿದ್ದಳು.

ಈಗ ಮೆಕ್ಯಾನಿಕ್ ಇಮಾಮಸಾಬ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದ್ದ. ನೀಲವ್ವ ಪಕ್ಕದ ಸೀಟಿನಲ್ಲಿ ಕೂತಿದ್ದಳು; ಅವಳ ಬಾಗಿಲಿಗೆ ಚನ್ನಪ್ಪ ಅಡ್ಡ ನಿಂತಿದ್ದ, ಇಳಿಯಲೂ ಜಾಗವಿರಲಿಲ್ಲ.

"ಏನಾಗೇತಿ?" ಚನ್ನಪ್ಪ ಕೇಳಿದ.

ಇಮಾಮಸಾಬ ನುಣ್ಣಗೆ ಕತ್ತರಿಸಿದ ವೈರಿನ ತುದಿ ನೋಡಿದ, ಅವಳ ಮುಖವನ್ನೂ ನೋಡಿದ.

"ಇಲಿ ಕಡದಾವ್ರಿ," ಎಂದು ಜೋಡಿಸಿದ.

ಚನ್ನಪ್ಪ ಗಾಡಿಯನ್ನು ಒಂದು ಸುತ್ತು ಓಡಿಸಿದ. ಮೀಟರ್ ತಿರುಗಿತು. ಪಕ್ಕದಲ್ಲಿ ಕೂತಿದ್ದ ನೀಲವ್ವನಿಗೆ ತಂಗಿಯ ಮನೆಯ ದಾರಿ ಮುಚ್ಚಿಹೋಯಿತು ಅನ್ನಿಸಿತು.

ಚನ್ನಪ್ಪ ಗಾಡಿ ನಿಲ್ಲಿಸಿ ಚಹಾದಂಗಡಿಯತ್ತ ನಡೆದ ಮೇಲೆ ಇಮಾಮಸಾಬ ಡ್ಯಾಶ್‌ಬೋರ್ಡಿನ ಕೆಳಗೆ ಮೀಟರಿನ ವೈರು ಸೇರುವ ಜಾಗ ತೋರಿಸಿ ಸಣ್ಣ ದನಿಯಲ್ಲಿ ಹೇಳಿದ:

"ಇನ್ನ ಕತ್ತರಿಸಬ್ಯಾಡ್ರಿ ಅಕ್ಕಾರ. ಹೋಗೂ ಮುಂದ ಈ ಪ್ಲಗ್ ಕೀಳ್ರಿ, ಮೀಟರ್ ತಿರುಗಂಗಿಲ್ಲ; ಹೊಳ್ಳಿ ಬಂದ ಮ್ಯಾಲ ಸಿಗಸ್ರಿ."