ಕೋಳಿಯ ಖೋಲಿ

"ಅರೇ ಅಂಕಲ್, ನಮ್ಮ ಬಿಲ್ಡಿಂಗಿಗೆ ತೂತು ಯಾರು ಹಾಕಿದ್ದು?" ಬಿಲ್ಡರನ ಕಡೆಯ ಮನೀಶ ಬಾಗಿಲಲ್ಲಿ ನಿಂತು ಚಂದ್ರಾಮನನ್ನು ಕೂಗಿ ಕೇಳಿದ.

ಬಿಲ್ಡಿಂಗ್ ಎಂದರೆ ನಿಜವಾದ ಬಿಲ್ಡಿಂಗಲ್ಲ, ಸೊಂಟದೆತ್ತರದ ಪ್ಲೈವುಡ್ ಮಾದರಿ. ವಡಾಲದಲ್ಲಿದ್ದ ಸಾಲುಮನೆಗಳ ಚಾಳು ಕೆಡವಿ ಈ ತಾತ್ಕಾಲಿಕ ಟ್ರಾನ್ಸಿಟ್ ಕ್ಯಾಂಪಿಗೆ ತಂದುಹಾಕಿದ್ದ ಕುಟುಂಬಗಳಿಗೆಲ್ಲ ಖೋಲಿ, ಅಂದರೆ ಒಂದೊಂದು ಕೋಣೆಯ ಮನೆ, ಕೊಡಲಿರುವ ಕಟ್ಟಡದ್ದು. ಸೇಲ್ಸ್ ಆಫೀಸಿನಲ್ಲಿ ಅದು ದೊಡ್ಡ ಟವರಿನ ಮಾದರಿಯ ಪಕ್ಕ, ಈಜುಕೊಳದ ಹಿಂದೆ ನಿಂತಿತ್ತು. ಫ್ಲ್ಯಾಟು ಕೊಳ್ಳಲು ಬಂದವರೆಲ್ಲ "ಈ ಡಬ್ಬ ಯಾವುದು?" ಎಂದು ಕೇಳತೊಡಗಿದ್ದರಿಂದ ಅದನ್ನು ಬುಡಕ್ಕೆ ಕೊಯ್ದು ಕಸಕ್ಕೆ ಎಸೆದಿದ್ದರು. ಆ ಜಾಗದಲ್ಲಿ ಈಗ ಪ್ಲಾಸ್ಟಿಕ್ಕಿನ ತೆಂಗಿನಮರಗಳಿವೆ.

ಕಸದಿಂದ ಅದನ್ನು ಹೊತ್ತು ತಂದವನು ಚಂದ್ರಾಮ. ಹೆಂಡತಿ ರುಕ್ಮಿಣಿಬಾಯಿಯ ಕೋಳಿ ಮರಿ ಮಾಡಿತ್ತು. ಕ್ಯಾಂಪಿನ ಹೆಗ್ಗಣಗಳು ಮರಿಗಳನ್ನು ಒಂದೊಂದಾಗಿ ಎಳೆದೊಯ್ಯುತ್ತಿದ್ದವು. ಅವನು ಮಾದರಿಯ ಬುಡಕ್ಕೆ ಹಲಗೆ ಬಡಿದು, ಕೆಳಗೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿದ, ಒಳಗೆ ಬೂದಿ ಹರಡಿದ, ಹರಿದ ಹವಾಯಿ ಚಪ್ಪಲಿಯ ರಬ್ಬರನ್ನೇ ಕೀಲು ಮಾಡಿ ಬಾಗಿಲು ಕೂರಿಸಿದ. ಆಮೇಲೆ ನೋಡಿದರೆ, ಮಾದರಿ ಮಾಡಿದವರು ಅದಕ್ಕೆ ಕಿಟಕಿಯನ್ನೇ ಇಟ್ಟಿರಲಿಲ್ಲ! ಟವರಿಗೆ ಗಾಜಿನ ಬಾಲ್ಕನಿ, ಬಾಲ್ಕನಿಯಲ್ಲಿ ಕುರ್ಚಿ; ಇದಕ್ಕೆ ನಾಲ್ಕೂ ಕಡೆ ಬರೀ ಬಿಳಿ ಬಣ್ಣ. ಚಂದ್ರಾಮನಿಗೆ ಚಿಂತೆ ಹತ್ತಿತು. ತೂತು ಕಡಿಮೆಯಾದರೆ ಮರಿಗಳಿಗೆ ಉಸಿರು ಕಟ್ಟುತ್ತದೆ, ಹೆಚ್ಚಾದರೆ ಥಂಡಿ, ದೊಡ್ಡದಾದರೆ ಹೆಗ್ಗಣ. ಕೊನೆಗೆ ಅಂತಸ್ತು ಅಂತಸ್ತಿಗೂ ಎರಡು ಬೆರಳಗಲದ ಚೌಕ ಕಿಟಕಿ ಕೊರೆದ. ಕೊರೆಯುವಾಗಲೂ "ಯಾರದಾರ ಪರ್ಮಿಶನ್ ಬೇಕಿತ್ತೇನೋ" ಎಂದು ಗೊಣಗುತ್ತಲೇ ಇದ್ದ.

"ಸಂಜೆ ಭೂಮಿಪೂಜೆ ಅಂಕಲ್. ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮ ಬಿಲ್ಡಿಂಗ್ ಸ್ಟೇಜ್ ಮೇಲೆ ಬೇಕಲ್ವಾ?"

"ಮತ್ತ ಭೂಮಿಪೂಜಾನ?" ರುಕ್ಮಿಣಿಬಾಯಿ ಒಳಗಿನಿಂದಲೇ ಕೇಳಿದಳು. "ಹೋದ ಸಲ ಪೂಜಾ ಮಾಡಿದ ಭೂಮಿ ಎಲ್ಲಿ ಓಡಿಹೋತು?"

"ಈ ಸಲ ಪಕ್ಕಾ ಆಂಟಿ. ಎಲ್ಲರಿಗೂ ಕೋಳಿ ಸಿಗ್ತದೆ."

ಘಾಟ್ಕೋಪರಿನಲ್ಲಿ ಹುಟ್ಟಿ ಬೆಳೆದ ಮನೀಶನ ಕನ್ನಡ ಅಷ್ಟೇ. ಹಿಂದಿಯ 'ಖ'ವನ್ನು 'ಕ', 'ಲ'ವನ್ನು 'ಳ' ಮಾಡಿದರೆ ಕನ್ನಡವಾಗುತ್ತದೆ ಎಂದು ನಂಬಿದ್ದ ಅವನು ಮೊದಲ ಮೀಟಿಂಗಿನಿಂದಲೂ ಖೋಲಿಗೆ ಕೋಳಿ ಎನ್ನುತ್ತಿದ್ದ.

"ಕೋಳಿ ನನ್ನ ಕಡೇನ ಐತಿ. ನೀ ಖೋಲಿ ಕೊಡಪಾ," ಎಂದಳು ರುಕ್ಮಿಣಿಬಾಯಿ.

ಮನೀಶ ಚಂದ್ರಾಮನನ್ನು ಪಕ್ಕಕ್ಕೆ ಕರೆದ. "ಅಂಕಲ್, ನೀವು ಕಮಿಟಿ ಮೆಂಬರ್. ಇವತ್ತು ಏನಾದ್ರೂ ಲಫ್ಡಾ-ಗಲಾಟೆ ಆಯ್ತೋ, ನಿಮ್ಮ ಹೆಸರು ಸೆಕೆಂಡ್ ಫೇಸಿಗೆ ಹೋಗ್ತದೆ. ಮತ್ತೆ ನನ್ನ ಕೇಳ್ಬೇಡಿ ಮಾರಾಯ್ರೆ."

ಸೆಕೆಂಡ್ ಫೇಸಿಗೆ, ಎಂದರೆ ಎರಡನೆಯ ಹಂತದ ಕಟ್ಟಡಕ್ಕೆ, ಇನ್ನೂ ಜಾಗವೇ ಗೊತ್ತಾಗಿರಲಿಲ್ಲ. ಚಂದ್ರಾಮ ಫೋರ್ಟ್ ಭಾಗದ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ಕರಾರು ಪತ್ರ ಓದಿ ಹೇಳಿ, ಇಡೀ ಚಾಳಿನವರ ಹೆಬ್ಬೆಟ್ಟು ಒತ್ತಿಸಿದವನು. ಈಗ ತನ್ನ ಖೋಲಿಯೇ ಹೋದರೆ? ಅವನು ಕೋಳಿ, ಮರಿಗಳನ್ನು ಹೊರಗೆ ತೆಗೆದು ಬುಟ್ಟಿಯ ಕೆಳಗೆ ಹಾಕಿದ. ಮನೀಶ ಕೊಟ್ಟ ಬಿಳಿ ಟೇಪನ್ನು ತಾನೇ ಪ್ರತಿ ಕಿಟಕಿಯ ಮೇಲೂ ಸುಕ್ಕು ಬೀಳದಂತೆ ಒತ್ತಿ ಒತ್ತಿ ಅಂಟಿಸಿದ. ಬಾಗಿಲಿಗೆ ಎರಡು ಸುತ್ತು ಹೆಚ್ಚಿಗೆ ಹಾಕಿದ. ಅರೆಬರೆ ಕೆಲಸ ಅವನಿಗೆ ಆಗುತ್ತಿರಲಿಲ್ಲ.

ಸಂಜೆ ಪೆಂಡಾಲಿನಲ್ಲಿ ರುಕ್ಮಿಣಿಬಾಯಿ ಅವನ ಪಕ್ಕ ಬಂದು ಕೂತು ಪಿಸುಗುಟ್ಟಿದಳು: "ಕರೀ ಮರಿ ಇಲ್ಲ. ಬುಟ್ಟಿ ಎತ್ತಿ ನೋಡಿದೆ."

"ಹೆಗ್ಗಣ ಒಯ್ದಿರಬೇಕು," ಎಂದ ಚಂದ್ರಾಮ. ಅವನಿಗೇ ನಂಬಿಕೆ ಬರಲಿಲ್ಲ.

ವೇದಿಕೆಯ ಮೇಲೆ ಮಾದರಿಗೆ ಚೆಂಡು ಹೂವಿನ ಹಾರ ಬಿದ್ದಿತ್ತು. ಸಾಹೇಬರು ತೆಂಗಿನಕಾಯಿ ಒಡೆದರು. ಕನ್ನಡದವರಿಗಾಗಿ ಮನೀಶ ಮೈಕು ಹಿಡಿದ. "ಇದೇ ನಿಮ್ಮ ಬಿಲ್ಡಿಂಗ್! ಇದರ ಒಳಗೇ ನಿಮ್ಮೆಲ್ಲರ ಕೋಳಿ ಇದೆ!"

ಚಿಂವ್ ಚಿಂವ್ ಎಂದಿತು ಮೈಕು.

ಮನೀಶ ಮೈಕನ್ನು ತಟ್ಟಿ ನೋಡಿದ. ಮತ್ತೆ ಚಿಂವ್ ಎಂದಿತು, ಈ ಸಲ ಸಣ್ಣಗೆ. ರುಕ್ಮಿಣಿಬಾಯಿ ಗಂಡನ ಮುಖ ನೋಡಿದಳು. ಚಂದ್ರಾಮ ಎದ್ದ. ಸೆಕೆಂಡ್ ಫೇಸ್ ನೆನಪಾಗಿ ಕೂತ. ಮತ್ತೊಂದು ಚಿಂವ್ ಬಂತು. ಅದು ಪೂರ್ತಿ ಆಗಲೇ ಇಲ್ಲ. ಈ ಸಲ ಅವನು ನೇರ ವೇದಿಕೆಗೆ ನಡೆದ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಸಾಹೇಬರಿಗೆ ಕೈಮುಗಿದು, "ಮಾಫ್ ಮಾಡ್ರಿ ಸಾಹೇಬ್ರ, ಒಳಗ ಜೀವ ಐತ್ರಿ," ಎಂದವನೇ ಟೇಪು ಕೀಳತೊಡಗಿದ. ಗಟ್ಟಿಯಾಗಿ ಅಂಟಿಸಿದವನೂ ಅವನೇ, ಬೇಗ ಬರಲಿಲ್ಲ. ಉಗುರು ಹಾಕಿ ಕೆರೆದ.

"ಕ್ಯಾ ಬೋಲ್ ರಹಾ ಹೈ ಯೇ?" ಸಾಹೇಬರು ಮನೀಶನನ್ನು ಕೇಳಿದರು. ಮನೀಶ ಮೈಕನ್ನು ಬೆನ್ನ ಹಿಂದೆ ಅಡಗಿಸಿದ.

ಕೆಳಗಿನ ಅಂತಸ್ತಿನ ಕಿಟಕಿಯಿಂದ ಒಂದು ಕಪ್ಪು ತಲೆ ಹೊರಬಂದು, ಕೊಕ್ಕು ತೆರೆದು ಗಾಳಿ ಕುಡಿಯಿತು.

"ಚಪ್ಪಾಳಿ ಹೊಡೀರೆವಾ!" ಪೆಂಡಾಲಿನ ಮಧ್ಯದಿಂದ ರುಕ್ಮಿಣಿಬಾಯಿಯ ದನಿ ಕೇಳಿತು. "ಮನೀಶಪ್ಪ ಒಂದು ದಿನಾನೂ ಸುಳ್ಳು ಹೇಳಿಲ್ಲ. ಅಂವಾ ಮೊದಲಿಂದ ಕೋಳೀನ ಅಂದಾನ. ನಾವಽ ಖೋಲಿ ಅಂತ ಕೇಳಿಸ್ಕೊಂಡ್ವಿ!"